ಸಡಿಲ ಮಾಡಿದ ಉಡುದಾರ

ಮೊನ್ನೆ ನಿಮ್ಮಪ್ಪ ಬಂದು, "ಅವ್ವಾ, ಉಡುದಾರ ಬಿಗಿ ಆಯ್ತದೆ, ಉದ್ದಕಿರೋದು ಒಂದು ಕೊಡು" ಅಂದ. ತಗಡಿನ ಡಬ್ಬಿ ತೆಗೆದೆ. ಕರಿದಾರದ ಉಂಡೆಯಿಂದ ನುಸಿಗುಳಿಗೆಯ ವಾಸನೆ ಬಂತು. ನಮ್ಮೂರಿನ ಆಶಾ ಕಾರ್ಯಕರ್ತೆ ನೆನಪಾದಳು… ನಾವು ಅವಳನ್ನು ಟೇಪಿನಮ್ಮ ಅನ್ನುತ್ತಿದ್ದೆವು.

ಸಕ್ಕರೆ ಕಾಯಿಲೆ, ಬಿಪಿ ಬರುವವರನ್ನು ಮೊದಲೇ ಗುರುತಿಸಲೆಂದು ಮೂವತ್ತು ದಾಟಿದವರ ಸೊಂಟ ಅಳೆದು ಬರೆದುಕೊಳ್ಳಲು ಸರ್ಕಾರ ಅವಳನ್ನು ಮನೆಮನೆಗೆ ಕಳಿಸಿತ್ತು. ನಿಮ್ಮ ತಾತ ಆಗ ಮಾಕವಳ್ಳಿಯ ಕಾರ್ಖಾನೆಗೆ ಟ್ರಾಕ್ಟರಿನಲ್ಲಿ ಕಬ್ಬು ಸಾಗಿಸುತ್ತಿದ್ದರು. ದಿನವೆಲ್ಲ ಕೂತೇ ಕೆಲಸ. ಊಟ ಮಾತ್ರ ನೇಗಿಲು ಹಿಡಿದ ಕಾಲದ್ದೇ.

"ಏನವ್ವಾ, ನಂಗೂ ರವಿಕೆ ಒಲಿಯಾಕೆ ಬಂದ್ಯಾ?" ಅಂದರು ತಾತ.

"ಇಂಗೇ ಉಂಡ್ರೆ ರವಿಕೆ ಸಾಲಾಕಿಲ್ಲ ಗೌಡ್ರೇ, ಗೋಣಿಚೀಲವೇ ಒಲೀಬೇಕು."

ತಾತ ನಕ್ಕರು. ಅಳತೆ ಕೊಟ್ಟಿದ್ದು ಅದೊಂದೇ ಸಲ. ಆಮೇಲೆ ಅವಳು ಬಂದಾಗಲೆಲ್ಲ ಹಿತ್ತಲ ಬಾಗಿಲಿಂದ ಜಾರಿಕೊಳ್ಳುತ್ತಿದ್ದರು. ಅದಕ್ಕೇ ಅವಳು ನನ್ನನ್ನು ಒಳಗೆ ಕರೆದು ಹೇಳಿದಳು: "ಅಕ್ಕಾ, ಟೇಪು ಇಲ್ದಿದ್ರೆ ಬುಡಿ, ಸೊಂಟದಲ್ಲಿ ಉಡುದಾರ ಅದಲ್ಲ. ಬಿಗಿ ಆದ್ರೆ ದಾರ ಸಡ್ಲ ಮಾಡ್ಬ್ಯಾಡಿ. ಅನ್ನ, ಎಣ್ಣೆ ಕಮ್ಮಿ ಮಾಡಿ. ನಂಗೊಂದು ಮಾತು ಯೋಳಿ."

ಬಿಗಿಯಾಯಿತು. ಚರ್ಮದ ಮೇಲೆ ಕೆಂಪು ಗೆರೆ ಮೂಡಿತ್ತು. ನೋಡಲಾರದೆ ನಾನೇ ಉದ್ದದ ದಾರ ಕಟ್ಟಿದೆ. ಹಾಗೆ ಮೂರು ಸಲ. ಕೇಳಿ ಕೇಳಿ ಹಾಕಿಸಿಕೊಂಡು ಉಣ್ಣುವ ಗಂಡಸಿಗೆ ಸಾಕು ಅನ್ನಲು ನನಗೆ ಬಾಯಿ ಬರಲಿಲ್ಲ. ಟೇಪಿನಮ್ಮ ಕೇಳಿದಾಗಲೆಲ್ಲ "ಅಂಗೇ ಅದೆ" ಅಂದೆ.

ಒಂದು ಬೆಳಿಗ್ಗೆ ಟ್ರಾಕ್ಟರ್ ಹತ್ತುವಾಗ ತಾತ ಎದೆ ಹಿಡಿದುಕೊಂಡು ಬಿದ್ದರು. ಆಸ್ಪತ್ರೆ ಮುಟ್ಟಲಿಲ್ಲ. ಸ್ನಾನ ಮಾಡಿಸಿದವರು ವಾಡಿಕೆಯಂತೆ ಉಡುದಾರ ಹರಿದರು. ಬೆರಳು ಹಾಕಲು ಕಷ್ಟವಾಗಲಿಲ್ಲ, ಅಷ್ಟು ಸಡಿಲವಿತ್ತು. ನನಗೆ ಅಳು ಬರಲಿಲ್ಲ.

ಹನ್ನೊಂದನೇ ದಿನ ಅವಳು ಬಂದು ಪಕ್ಕದಲ್ಲಿ ಕೂತಳು. "ಉಡುದಾರ ಬಿಗಿ ಆಗಿತ್ತಾ ಅಕ್ಕಾ?" ಅಂದಳು.

"ಇಲ್ಲ" ಅಂದೆ.

ಆಮೇಲೆ ಅವಳು ಯಾರ ಮನೆಯಲ್ಲೂ ಉಡುದಾರದ ಮಾತೆತ್ತಲಿಲ್ಲ. ತನ್ನ ಉಪಾಯವೇ ತಪ್ಪು ಅಂದುಕೊಂಡಳೇನೋ… ಎದುರು ಮನೆಗೆ ಬಂದರೂ ಬರೀ ಟೇಪು ತೆಗೆಯುತ್ತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಹೋಗಿ ಹೇಳಲಿಲ್ಲ. ಹೋದ ವರ್ಷ ದೇವಲಾಪುರದ ಮಗಳ ಮನೆಯಲ್ಲಿ ತೀರಿಕೊಂಡಳಂತೆ. ಇನ್ನು ಹೇಳಲು ಅವಳಿಲ್ಲ.

ಡಬ್ಬಿಯ ಮುಚ್ಚಳ ಹಾಕಿದೆ. "ದಾರ ಅದೆ ಕಣ್ಮಗಾ, ಕೊಡಾಕಿಲ್ಲ" ಅಂದೆ. ನಿಮ್ಮಪ್ಪ ನನ್ನ ಮುಖ ನೋಡಿದ. ಯಾಕೆಂದು ಅವನಿಗೆ ಹೇಳಲಾಗಲಿಲ್ಲ. ನಿಮಗೆ ಬರೆದಿದ್ದೇನೆ.