ತಟ್ಟೆ ತೊಳೆದ ನೀರು

ಮಠಕ್ಕೆ ಕಾಲಿಟ್ಟ ದಿನವೇ ಸ್ವಾಮಿಗಳಿಗೆ ಎರಡೆರಡು ಊಟ ಮಾಡಿಸಿದವಳು ನಾನು. ಬಡಿಸಲು ಸೌಟು ಹಿಡಿದಿದ್ದೆ. ವಯಸ್ಸಾದ ಸ್ವಾಮಿಗಳು ಮಕ್ಕಳ ಸಾಲಿನಲ್ಲೇ ಕೂತು ಉಂಡು, ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೇ ಗಟಗಟ ಕುಡಿದುಬಿಟ್ಟರು. ಅಯ್ಯೋ ಪಾಪ, ಹಸಿವಿನ್ನೂ ತೀರಿಲ್ಲ ಅಂದುಕೊಂಡು ಅನ್ನ ಸುರಿದೆ. ತಟ್ಟೆ ತೊಳೆದು ಕುಡಿದರೆ ಊಟ ಮುಗಿಯಿತೆಂದು ನನಗೇನು ಗೊತ್ತು! ಅವರು ಅಷ್ಟನ್ನೂ ಉಂಡು, ಮತ್ತೆ ತೊಳೆದು ಕುಡಿದು, ಈ ಸಲ ತಟ್ಟೆಯನ್ನು ಬೋರಲು ಹಾಕಿದರು.

"ಸಾಕು ತಾಯಿ. ಇನ್ನೊಂದು ಸೌಟು ಬಿದ್ರೆ ನನ್ನ ಎತ್ಕೊಂಡು ಹೋಗ್ಬೇಕಾಯ್ತದೆ."

ಎಪ್ಪತ್ತರ ದಶಕದ ಕೊನೆಯಲ್ಲಿ ಕುಂದಾಪುರದ ಕಡೆಯಿಂದ ಶಿರಾ ಸೀಮೆಗೆ ಬಂದವರು ನಾವು. ಕಳ್ಳಂಬೆಳ್ಳದ ಆಚೆಯ ಆ ಸಣ್ಣ ಮಠದ ಶಾಲೆಯಲ್ಲಿ ನನ್ನ ಗಂಡನಿಗೆ ಮೇಷ್ಟ್ರ ಕೆಲಸ. ಒಂದು ವರ್ಷ ನೋಡೋಣ, ನಿನಗೆ ಒಗ್ಗದಿದ್ದರೆ ಊರಿಗೇ ವಾಪಸು ಎಂದು ಮಾತು ಕೊಟ್ಟಿದ್ದರು. ಆ ವರ್ಷ ಯಾವಾಗ ಮುಗಿದೀತೋ ಎಂದು ಕಾಯುತ್ತಿದ್ದೆ.

ನಮ್ಮೂರಲ್ಲಿ ಬಾವಿಗೆ ಬಗ್ಗಿದರೆ ನೀರು. ಇಲ್ಲಿ ಸೊಂಟದ ಮೇಲೆ ಕೊಡ ಹೊತ್ತು ತರಬೇಕು. ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದವಳು ಮುದ್ದೆಯನ್ನು ಅಗಿದೂ ಅಗಿದೂ ದವಡೆ ನೋಯಿಸಿಕೊಂಡೆ. ಪಕ್ಕದ ಮನೆಯ ಈರಮ್ಮ, ಕುರಿ ಎಮ್ಮೆ ಸಾಕಿಕೊಂಡಿದ್ದಾಕೆ, ಬಿದ್ದು ಬಿದ್ದು ನಕ್ಕಳು. "ಅಗೀಬ್ಯಾಡ ಕಣಮ್ಮ, ನುಂಗ್ಬುಡು!"

ನಗುವ ಅದೇ ಈರಮ್ಮ, ನಾನು ಅಕ್ಕಿ ತೊಳೆದ ನೀರನ್ನು ಅಂಗಳಕ್ಕೆ ಚೆಲ್ಲಿದಾಗ ಕೆಂಡವಾದಳು. "ಮಠದಾಗೆ ಬುದ್ದಿಯವ್ರೇ ತಟ್ಟೆ ನೀರು ಚೆಲ್ಲಾಕಿಲ್ಲ. ನೀನು ನಮ್ಮೆಮ್ಮೆ ಕಲಗಚ್ಚು ನೆಲಕ್ಕೆ ಸುರೀತೀಯಲ್ಲಾ!" ಬುದ್ದಿ ಅಂದರೆ ಸ್ವಾಮಿಗಳು. ಕಲಗಚ್ಚು ಅಂದರೆ ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಎಲ್ಲ ಸೇರಿಸಿ ದನಕ್ಕೆ ಇಡುವುದು. ಅಂದಿನಿಂದ ನನ್ನ ಬಾಗಿಲಲ್ಲೂ ಒಂದು ಗಡಿಗೆ ಬಂತು. ಮಠದಲ್ಲಿ ಹಬ್ಬಕ್ಕೆ ಉಂಡ ಎಲೆ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಬದನೆ ಸಾಲಿಗೆ, ಮಿಂದ ನೀರು ಬಾಳೆಯ ಬುಡಕ್ಕೆ. ಹೀಗೆ ಬಾಳಿ ಎಂದು ಸ್ವಾಮಿಗಳು ಯಾರಿಗೂ ಉಪದೇಶ ಮಾಡಿದ್ದನ್ನು ನಾನು ಕೇಳಿಲ್ಲ. ಊರವರು ನೋಡಿದರು, ಮಾಡಿದರು. ಅವರನ್ನು ನೋಡಿ ನಾನೂ ಮಾಡಿದೆ.

ಎಮ್ಮೆ ಈದಾಗ ಈರಮ್ಮ ಗಿಣ್ಣು ತಂದಳು. "ತಗಾ, ಇದ್ರಾಗೆ ನಿನ್ ಗಡಿಗೇದೂ ಪಾಲೈತೆ." ಯಾವ ಬಹುಮಾನಕ್ಕೂ ನಾನು ಅಷ್ಟು ಬೀಗಿಲ್ಲ.

ವರ್ಷ ತುಂಬುವ ಹೊತ್ತಿಗೆ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದೆ. ಅಪ್ಪ ಕಾದು ಕೂತಿದ್ದರು. "ಹೆಂಚಿನ ಕಾರ್ಖಾನೆಯಲ್ಲ್ ಅಳಿಯನಿಗೆ ಕೆಲ್ಸ ಮಾತಾಡಿದ್ದೆ ಮಗಾ. ಹೂಂ ಅಂಬ್ದಾ?"

"ಬೇಡ ಅಪ್ಪಯ್ಯ" ಅಂದೆ. ಇಷ್ಟು ದಿನ ನಾನೇ ಬೇಡಿಕೊಂಡಿದ್ದನ್ನು ನಾನೇ ಬೇಡ ಅಂದಿದ್ದೆ. ಅಪ್ಪ ಪೆಚ್ಚಾಗಿ ಒಳಗೆ ಹೋದರು.

ಹೆರಿಗೆಯಾದ ಮೇಲೆ ಅಮ್ಮ ಎಣ್ಣೆ ಹಚ್ಚಿ, ಹಂಡೆ ತುಂಬ ನೀರು ಕಾಯಿಸಿ, ನೆತ್ತಿಯ ಮೇಲೆ ಸುರಿದೇ ಸುರಿದಳು. ಎಂಥ ಸುಖ! ಸಾಕು ಅನ್ನಲು ಬಾಯಿ ಬರಲಿಲ್ಲ. ಆ ನೀರೆಲ್ಲ ಯಾರಿಗೂ ಬೇಡವಾಗಿ ತೋಡಿನ ಕಡೆಗೆ ಹರಿದು ಹೋಗುತ್ತಿತ್ತು.

"ಯಾಕೆ ಅಳ್ತೆ?" ಅಂದಳು ಅಮ್ಮ.

"ಕಣ್ಣಿಗೆ ಸೀಗೆಪುಡಿ ಹೋಯ್ತು" ಅಂದೆ.