ಬಿಸಿ ತಂತಿ ಮತ್ತು ಬರಿದಾದ ತಟ್ಟೆ

ಮಾರ್ಚ್ ತಿಂಗಳ ಶುಕ್ರವಾರ, ಬೆಳಿಗ್ಗೆ ಹತ್ತೂವರೆ. ಸ್ಥಳ: ಗಜೇಂದ್ರಗಡದ ನಮ್ಮ ಪದವಿ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರ ಪ್ರಯೋಗಾಲಯ. ಹಾಜರಿದ್ದವರು: ಮೊದಲ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿಗಳು, ನನ್ನ ಮಗನಿಗಿಂತ ಚಿಕ್ಕವರಾದ ಉಪನ್ಯಾಸಕರು, ನನ್ನ ಮೇಜಿನ ಜೊತೆಗಾರ್ತಿಯಾದ ನೇಕಾರರ ಮನೆಯ ಹುಡುಗಿ ಮತ್ತು ನಾನು. ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಹೀಗೆ ಬರೆದಿಡುವುದು ರೂಢಿ. ನರಗುಂದದ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿ ನಿವೃತ್ತಳಾದ ಮೇಲೂ ಅದನ್ನು ಬಿಟ್ಟಿಲ್ಲ. ಬಿಡುವ ಮನಸ್ಸೂ ಇಲ್ಲ.

ಅಂದು ತಟ್ಟೆಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನಿಂದ ನನ್ನ ತಟ್ಟೆ ಹೊರಬರಬೇಕಿತ್ತು. ಅಗರ್ ಎಂಬ ಗಟ್ಟಿ ಲೋಳೆ ಹಾಕಿದ ಗಾಜಿನ ತಟ್ಟೆಯ ಮೇಲೆ ಬ್ಯಾಕ್ಟೀರಿಯಾವನ್ನು ತಂತಿಯಿಂದ ಗೆರೆಗೆರೆಯಾಗಿ ಎಳೆದು, ಕೊನೆಯಲ್ಲಿ ಬಿಡಿಬಿಡಿ ಚುಕ್ಕೆಗಳಾಗಿ ಬೆಳೆಯುವಂತೆ ಮಾಡಬೇಕು. ಅಂಥ ತಟ್ಟೆ ತೋರಿಸಿ, ರೆಕಾರ್ಡ್ ಪುಸ್ತಕದಲ್ಲಿ ಅದರ ಚಿತ್ರ ಬರೆದು ಸಹಿ ಹಾಕಿಸಿಕೊಳ್ಳದವರನ್ನು ಪ್ರಾಯೋಗಿಕ ಪರೀಕ್ಷೆಗೆ ಕೂರಿಸುವುದಿಲ್ಲ. ಉಳಿದವರೆಲ್ಲ ತೋರಿಸಿ ಮುಗಿಸಿದ್ದರು. ನನಗೆ ಇದು ಕೊನೆಯ ಅವಕಾಶ.

ಹಿಂದಿನ ವಾರ ನನ್ನ ತಟ್ಟೆಯಲ್ಲಿ ಏನೂ ಬೆಳೆದಿರಲಿಲ್ಲ. ಅದರ ಹಿಂದಿನ ವಾರವೂ ಅಷ್ಟೇ.

“ಅಜ್ಜಿ, ನಿಮ್ಮ ತಾಟು ಕನ್ನಡಿ ಆಗೇತ್ರಿ. ಮುಖಾ ನೋಡ್ಕೊಂಡು ತಲಿ ಹಿಕ್ಕೋಬೌದು,” ಎಂದಿದ್ದಳು ಹುಡುಗಿ.

“ಹಿಕ್ಕೋ ಮತ್ತ. ನಿನ್ನ ತಲಿ ಹಕ್ಕಿಗೂಡು ಆಗೇತಿ,” ಎಂದಿದ್ದೆ.

ಎಲ್ಲರೂ ನಕ್ಕರು. ಉಪನ್ಯಾಸಕರು ಮಾತ್ರ ನನ್ನ ಕಡೆ ಬಾಗಿ ದನಿ ತಗ್ಗಿಸಿದರು. “ಅಮ್ಮಾರ, ಈಕಿ ಹಂತ್ಯಾಕ ಇನ್ನೊಂದು ಪ್ಲೇಟ್ ಐತ್ರಿ, ಚಲೋ ಬಂದೈತಿ. ಅದರ ಮ್ಯಾಲೆ ನಿಮ್ಮ ಹೆಸರ ಬರದುಬಿಡ್ರಿ. ನಿಮಗೇನು ನೌಕರಿ ಬೇಕಾಗಿಲ್ಲಲ್ಲ, ಯಾಕ ತ್ರಾಸ ತಗೋತೀರಿ?”

“ನೌಕರಿ ಬೇಕಾಗಿಲ್ರೀ ಸರ. ಅದಕ್ಕ ಸುಳ್ಳ ಹೇಳೂ ಜರೂರತ್ತೂ ಇಲ್ಲ.”

“ಹಂಗಲ್ರೀ, ವಯಸ್ಸಾಗೇತಿ, ಕೈ ನಡಗತಾವೇನೋ ಅಂತ…”

ಎರಡೂ ಕೈ ಅವರ ಮುಂದೆ ಚಾಚಿದೆ. “ನೋಡ್ರಿ. ಎಳೇ ಕೂಸಿನ ನರಕ್ಕ ಸೂಜಿ ಹಾಕಿದ ಕೈ ಇವು.”

ಕೈ ನಡುಗಲಿಲ್ಲ. ಸರ್ ಮುಂದಿನ ಮೇಜಿಗೆ ಹೋದರು. ಕೆಟ್ಟ ಮನುಷ್ಯರಲ್ಲ, ನನ್ನನ್ನು ಕೆರಳಿಸಿದ್ದೂ ಆ ಒಳ್ಳೆಯತನವೇ. ಕಾಲೇಜು ಸೇರುವಾಗಲೂ ಎಷ್ಟೋ ಜನ ಹೀಗೇ ಮೆತ್ತಗೆ, ಮನೆಯಲ್ಲೇ ಕೂತು ಓದಬಹುದಲ್ಲ ಎಂದಿದ್ದರು. ನೌಕರಿಯುದ್ದಕ್ಕೂ ನಾನು ಕ್ರಿಮಿಗಳನ್ನು ಕುದಿಸಿದೆ, ಉಗಿಯಲ್ಲಿ ಬೇಯಿಸಿದೆ, ಫಿನೈಲಿನಿಂದ ಒರೆಸಿ ತೆಗೆದೆ. ಒಂದು ಸಲವೂ ಅವುಗಳ ಮುಖ ನೋಡಿರಲಿಲ್ಲ. ಯಾರ ಜೊತೆ ಕಾದಾಡಿದೆನೆಂದು ಕಣ್ಣಾರೆ ಕಾಣುವ ಹಕ್ಕು ನನಗಿದೆ. ಬೇರೆಯವರು ಬೆಳೆಸಿದ್ದರ ಮೇಲೆ ಹೆಸರು ಬರೆದರೆ ಆ ಹಕ್ಕು ದಕ್ಕಿದಂತಾಗುವುದಿಲ್ಲ.

ಆದರೆ ತಪ್ಪು ಎಲ್ಲಿ ಆಗುತ್ತಿದೆ ಎಂಬುದು ತಿಳಿದಿರಲಿಲ್ಲ. ಮಂಗಳವಾರ ಸಂಜೆ ರೋಣದ ನಮ್ಮ ಮನೆಯಲ್ಲಿ ಹಾಲು ಕಾಯಿಸಿ, ಹೆಪ್ಪು ಹಾಕಲು ನಿಂತಿದ್ದೆ. ಯಜಮಾನರು ತಾಟಿನ ಮುಂದೆ ಕುಳಿತು ಕೂಗಿದರು.

“ಇನ್ನೂ ಎಷ್ಟೊತ್ತು? ಲಗೂ ಬಾ, ರೊಟ್ಟಿ ಆರಾಕ ಹತ್ಯಾವು.”

“ರೊಟ್ಟಿ ಆರಿದ್ರ ಏನಾತು? ಹಾಲು ಆರಬೇಕ್ರಿ. ಸುಡೂ ಹಾಲಿಗೆ ಹಾಕಿದ್ರ ಹೆಪ್ಪು ಸತ್ತ ಹೋಗತೈತಿ.”

ಹೇಳಿದವಳು ಪಾತ್ರೆಯ ಹೊರಮೈಗೆ ಬೆರಳು ಹಚ್ಚಿಕೊಂಡು ಹಾಗೆಯೇ ನಿಂತುಬಿಟ್ಟೆ.

“ಯಾಕ, ಹಾಲು ಕೆಟ್ಟೈತೇನು?”

“ಹಾಲಲ್ರೀ, ನಾನು ಕೆಟ್ಟೀನಿ.”

ತಂತಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಆರಲು ಬಿಟ್ಟು, ಆಮೇಲೆ ಬ್ಯಾಕ್ಟೀರಿಯಾಕ್ಕೆ ಮುಟ್ಟಿಸಬೇಕು. ಸರ್ ಇದನ್ನು ಹೇಳಿದ್ದರು, ನಾನು ಕೇಳಿಸಿಕೊಂಡಿದ್ದೆ. ಕೈ ಕೇಳಿರಲಿಲ್ಲ. ವಾರ್ಡಿನಲ್ಲಿ ಕುದಿಸಿ ತೆಗೆದ ಸಾಮಾನನ್ನು ಗಾಳಿಯಲ್ಲಿ ಹಿಡಿದು ನಿಂತರೆ ಅದು ಮತ್ತೆ ಕೊಳೆಯಾಯಿತೆಂದೇ ಲೆಕ್ಕ. ಹಾಗೆ ನಿಂತ ಎಷ್ಟು ಹುಡುಗಿಯರನ್ನು ನಾನೇ ಗದರಿಸಿಲ್ಲ! ಅದೇ ಶಿಸ್ತಿನಲ್ಲಿ ಬೆಂಕಿಯಿಂದ ತೆಗೆದ ತಂತಿಯನ್ನು ನೇರವಾಗಿ ಅದ್ದುತ್ತಿದ್ದೆ. ಬದುಕಿದ್ದವುಗಳನ್ನೆಲ್ಲ ಸುಟ್ಟು, ಸತ್ತವುಗಳನ್ನು ಅಚ್ಚುಕಟ್ಟಾಗಿ ಸಾಲಾಗಿ ಬಿತ್ತುತ್ತಿದ್ದೆ.

ಬುಧವಾರ ರೋಣದಿಂದ ಮೊದಲ ಬಸ್ಸು ಹಿಡಿದು ಕಾಲೇಜಿಗೆ ಹೋದೆ. ತಂತಿ ಕಾಯಿಸಿದೆ, ನಿಂತೆ. ಕೈ ಅವಸರ ಮಾಡಿತು. ಹಾಲಿನ ಪಾತ್ರೆಯನ್ನು ನೆನೆದು ತಡೆದೆ. ಅಗರಿನ ಅಂಚಿಗೆ ತಂತಿ ತಾಗಿಸಿದಾಗ ಚುಂಯ್ ಎನ್ನಲಿಲ್ಲ, ಆರಿತ್ತು. ಆಮೇಲೆ ಗೆರೆ ಎಳೆದೆ.

ಶುಕ್ರವಾರ ತಟ್ಟೆಯನ್ನು ಬೆಳಕಿಗೆ ಹಿಡಿಯುವ ಮೊದಲೇ ಹುಡುಗಿ ಕಿರುಚಿದಳು. “ಬಂದಾವ್ರೀ ಅಜ್ಜಿ!”

ಮೊದಲ ಗೆರೆಗಳು ದಪ್ಪಗೆ, ಕೆನೆ ಬಳಿದಂತೆ. ಮುಂದೆ ತೆಳ್ಳಗೆ. ತುದಿಯಲ್ಲಿ ಗಸಗಸೆ ಉದುರಿಸಿದಂತೆ ಬಿಡಿಬಿಡಿ ಚುಕ್ಕೆಗಳು. ನಾನು ಕಾದಾಡಿದ್ದು ಇವುಗಳ ಜೊತೆಯೇ ಏನು ಎನಿಸಿತು. ನೋಡಲು ಎಷ್ಟು ಸೌಮ್ಯವಾಗಿದ್ದವು! ಗೆರೆಯಿಂದ ಆಚೆ ಒಂಟಿಯಾಗಿ ಒಂದು ಹಳದಿ ಚುಕ್ಕೆಯೂ ಇತ್ತು.

“ಅದು ಗಾಳ್ಯಾಗಿಂದ ಬಿದ್ದಿದ್ದು,” ಎಂದರು ಸರ್. “ಚಿತ್ರದಾಗ ಬಿಟ್ಟಬಿಡ್ರಿ ಅಮ್ಮಾರ, ನಡೀತೈತಿ.”

“ಬೆಳದೈತಿ ಅಂದಮ್ಯಾಲೆ ಬರೀತೀನ್ರಿ.”

“ನರ್ಸ್ ಅಜ್ಜಿ ಕೈಯಾಗೂ ಹೊಲಸು ಹೊಕ್ತು ನೋಡ್ರಿ!” ಹುಡುಗಿ ಚಪ್ಪಾಳೆ ತಟ್ಟಿದಳು.

“ಹೊಕ್ಕೈತಿ. ನಿನ್ನಾಂಗ ಕೇಳದನ ಬಂದು ಮಗ್ಗಲಕ್ಕ ಕುಂತೈತಿ.”

ಹಳದಿ ಚುಕ್ಕೆಯನ್ನೂ ಅದರ ಜಾಗದಲ್ಲೇ ಬರೆದೆ. ಸರ್ ಅದನ್ನು ನೋಡಿ, ನನ್ನನ್ನು ನೋಡಿ, ಸಹಿ ಹಾಕಿದರು. ಪರೀಕ್ಷೆಗೆ ಕೂರುವುದು ಖಾತ್ರಿಯಾಯಿತು.

ನೋಡಿ ಮುಗಿದ ತಟ್ಟೆಗಳನ್ನು ಆಟೋಕ್ಲೇವಿನ ಉಗಿಯಲ್ಲಿ ಬೇಯಿಸಿದ ಮೇಲೆಯೇ ತೊಳೆಯಬೇಕು. “ಇವತ್ತಿಂದು ನಾ ಹಚ್ತೀನ್ರಿ,” ಎಂದೆ. ಯಾರೂ ಬೇಡವೆನ್ನಲಿಲ್ಲ. ಮುಚ್ಚಳ ಬಿಗಿದೆ, ಉಗಿ ಏರಿತು, ಇಳಿಯಿತು. ತಟ್ಟೆಗಳನ್ನು ತೊಳೆದು ಬಟ್ಟೆಯ ಮೇಲೆ ಬೋರಲು ಹಾಕಿದೆ. ಮೇಜು ಒರೆಸಿ, ಮೊಣಕೈವರೆಗೆ ಸಾಬೂನು ಹಚ್ಚಿ ಕೈ ತೊಳೆದುಕೊಂಡೆ.