ಎರಡು ಮೈಕುಗಳ ಕುಶಾಲಪ್ಪ

ಕಕ್ಕಬೆಯ ಕುಶಾಲಪ್ಪನಿಗೆ ಊರಿನಲ್ಲಿ ಎರಡು ಹೆಸರು. ಎದುರಿಗೆ ಮೈಕ್ ಕುಶಾಲಪ್ಪ, ಬೆನ್ನ ಹಿಂದೆ ಹಂದಿ ಕುಶಾಲ. ಮೊದಲನೆಯದನ್ನು ಅವನೇ ದುಡಿದು ಸಂಪಾದಿಸಿದ್ದ. ಎರಡನೆಯದನ್ನು ಕೊಟ್ಟವನು ಧರ್ಮಪಾಲ.

ಧರ್ಮಪಾಲ ಕಾಫಿ ತೋಟದ ಯಜಮಾನ, ಊರಿನ ನಾಟಕ ಮಂಡಳಿಗೂ ಅವನೇ ಯಜಮಾನ. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲದಲ್ಲಿ, ಮೀಸೆ ಮೂಡಿದ ಹೊಸತರಲ್ಲಿ, ಕುಶಾಲಪ್ಪ ಮಂಡಳಿಗೆ ಹೋಗಿ ರಾಕ್ಷಸನ ಪಾತ್ರ ಕೇಳಿದ್ದ. ಗದ್ದೆಯ ಅಟ್ಟಣೆಯಲ್ಲಿ ಕುಳಿತು ಹಂದಿಗಳನ್ನು ಕೂಗಿ ಓಡಿಸಿದ ಗಂಟಲು ಅವನದು, ಒರಟು, ದೊಡ್ಡದು. ಒಮ್ಮೆ ಅಬ್ಬರಿಸಿ ತೋರಿಸಿದ. ಧರ್ಮಪಾಲ ವೀಳ್ಯ ಜಗಿಯುತ್ತಲೇ ಹೇಳಿದ: "ಹಂದಿ ಓಡ್ಸಿಕೆ ಇದ್ ಸಾಕ್. ನಾಟಕ ನೋಡಿಕೆ ಬಂದವ್ರನ್ನ ಓಡ್ಸುದ್ ಬೇಡ, ಕುಶಾಲ."

ಎಲ್ಲರೂ ನಕ್ಕರು. ಆ ನಗು ಅವನ ಮದುವೆಯ ಚಪ್ಪರದವರೆಗೂ ಹಿಂಬಾಲಿಸಿತು. ರಾಕ್ಷಸನ ಪಾತ್ರವನ್ನು ಧರ್ಮಪಾಲ ತಾನೇ ಇಟ್ಟುಕೊಂಡ. ಅದೇ ರಂಗದ ಮೇಲೆ, ಅದೇ ಜನ ಧರ್ಮಪಾಲನನ್ನು ನೋಡಿ ಹಾಗೆಯೇ ನಗಬೇಕು ಎಂದು ಕುಶಾಲಪ್ಪ ಅಂದೇ ಹಠ ಹಿಡಿದ. ಮುಂದೆ ಮೈಕ್ ಸೆಟ್ಟು ಕೊಂಡು ಮದುವೆ, ಸಭೆಗಳಿಗೆ ಬಾಡಿಗೆಗೆ ಕೊಡತೊಡಗಿದಾಗಲೂ ಒಳಗಿನ ಕೆಂಡ ಆರಿರಲಿಲ್ಲ.

ಕೊಡಗು ಮೈಸೂರಿಗೆ ಸೇರಿದ ಮೇಲೆ ರಾಜ್ಯೋತ್ಸವದ ನಾಟಕ ಶಾಲೆಯ ಮೈದಾನದಲ್ಲಿ ನಡೆಯುವ ರೂಢಿಯಾಯಿತು. ಕತ್ತಲಾದರೆ ದಾರಿಯಲ್ಲಿ ಆನೆ ಇರುತ್ತಿದ್ದುದರಿಂದ ಮಧ್ಯಾಹ್ನ ಊಟವಾದ ಕೂಡಲೇ ಪರದೆ ಏಳುತ್ತಿತ್ತು. ಒಂದು ವರ್ಷ ಅದರ ಮೈಕು ಕುಶಾಲಪ್ಪನ ಪಾಲಿಗೆ ಬಂತು. ಅವನ ಬಳಿ ಮೈಕುಗಳು ಎರಡು: ಒಂದು ಸೆಟ್ಟಿನ ಜೊತೆಗೇ ಬಂದ ಹಳೆಯದು, ಇನ್ನೊಂದು ಮೈಸೂರಿನಿಂದ ತರಿಸಿದ ಹೊಸದು. ರಾಕ್ಷಸನ ಅಬ್ಬರವನ್ನು ಯಾವುದು ಕೆಡಿಸುತ್ತದೆ? ಅದನ್ನು ತಿಳಿಯಲು ಅವನು ಕೊಟ್ಟಿಗೆಗೆ ಹೋದ. ಹೆಂಡತಿ ಯಮುನಳನ್ನು ಸ್ಪೀಕರಿನ ಜೊತೆ ಅಂಗಳದಲ್ಲಿ ಕೂರಿಸಿದ.

ಹಳೆಯ ಮೈಕಿಗೆ ಬಾಯಿ ಕೊಟ್ಟು, ಹೊಟ್ಟೆಯ ಬುಡದಿಂದ ಒಂದು ಕೂಗು ಹಾಕಿದ.

"ಎಂಥ ಆತ್?" ಎಂದು ಒಳಗಿನಿಂದಲೇ ಕೇಳಿದ.

"ಹೊಸ ಬಟ್ಟೆ ಹರ್ದಾಂಗೆ ಕೇಳ್ತುಟ್ಟು. ಮಾತು ಒಂದೂ ಗೊತ್ತಾತಿಲ್ಲೆ."

ಒಂದು ಗೇಣು ಹಿಂದೆ ಸರಿದು ಕೂಗಿದ. ಆಗಲೂ ಹರಿಯಿತು. ಬಾಯಿ ಹತ್ತಿರ ತಂದು ಮೆಲ್ಲಗೆ ಮಾತಾಡಿದರೆ ಮಾತ್ರ ದನಿ ಜೇನಿನಂತೆ ಇಳಿಯುತ್ತಿತ್ತು. ಹೊಸದಕ್ಕೆ ಎಷ್ಟೇ ಹತ್ತಿರದಿಂದ ಅಬ್ಬರಿಸಿದರೂ ಅದು ಅಬ್ಬರವನ್ನು ಇಡಿಯಾಗಿ ನುಂಗಿ ಇಡಿಯಾಗಿಯೇ ಹೊರಗೆ ಕೊಟ್ಟಿತು. ಅವನು ಬಾಯಿ ಮುಚ್ಚಿದ ಮೇಲೂ ಯಮುನ ಕಿವಿಗೊಟ್ಟೇ ಕುಳಿತಿದ್ದಳು.

"ಇದ್ರಲ್ಲಿ ಹಸು ಮೆಲುಕು ಹಾಕುದೂ ಕೇಳ್ತುಟ್ಟು. ನಿಮ್ಮ ಕೂಗಿಂದ ಅದೇ ಚೆಂದ ಉಟ್ಟು."

ಕುಶಾಲಪ್ಪ ಹಳೆಯದನ್ನು ಆರಿಸಿದ. ರಂಗದ ನಡುವೆ ಹಗ್ಗದಲ್ಲಿ ಇಳಿಬಿಟ್ಟು, ಸೆಟ್ಟಿನ ಮುಂದೆ ಕುಳಿತು ನಗುವಿಗಾಗಿ ಕಾದ.

ಧರ್ಮಪಾಲ ಬಂದ, ಅಬ್ಬರಿಸಿದ. ಮರಕ್ಕೆ ಕಟ್ಟಿದ ಸ್ಪೀಕರಿನಿಂದ ಹೊರಬಿದ್ದದ್ದು ಮನುಷ್ಯರ ದನಿಯಾಗಿರಲಿಲ್ಲ. ಬಿರಿದು, ಸೀಳಿ, ಗರಗರನೆ ಕೆರೆದು ಬಂದ ಆ ಸದ್ದಿಗೆ ಮುಂದಿನ ಸಾಲಿನ ಮಕ್ಕಳು ಚೀರಿ ತಾಯಂದಿರ ಸೆರಗಿನೊಳಗೆ ಸೇರಿದರು. ಇಂಥ ರಾಕ್ಷಸನನ್ನು ಕಂಡೇ ಇಲ್ಲ ಎಂದು ಜನ ಕೊಂಡಾಡಿದರು. ಉತ್ಸವದ ಅಧ್ಯಕ್ಷರು ರಂಗಕ್ಕೆ ಏರಿ ಹಾರ ಹಾಕಿದರು. ಕುಶಾಲಪ್ಪ ತಂತಿ ಸುತ್ತಿಕೊಂಡು ಮನೆಗೆ ಬಂದವನು ಊಟ ಮಾಡಲಿಲ್ಲ.

"ಅವಂಗೆ ಹಾರ ಹಾಕ್ಸಿಕೊಟ್ಟ್ ಬಂದಿರಾ?" ಎಂದು ಯಮುನ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಆ ವರ್ಷವೆಲ್ಲ ಹಳೆಯ ಮೈಕನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಮುಂದಿನ ರಾಜ್ಯೋತ್ಸವ ಹತ್ತಿರವಾದಾಗ ಧರ್ಮಪಾಲನೇ ಮನೆಗೆ ಬಂದ.

"ಆ ಹಳೆ ಡಬ್ಬಿಲೇ ಅಷ್ಟ್ ಆತ್, ಕುಶಾಲ. ಈ ಸರ್ತಿ ನಿನ್ನ ಹೊಸದ್ನ ಕಟ್ಟ್."

ಧರ್ಮಪಾಲ ಮಾತು ಬಾಯಿಪಾಠ ಮಾಡುವವನಲ್ಲ; ಪರದೆಯ ಹಿಂದೆ ಮಂಡಳಿಯ ಅಪ್ಪಯ್ಯ ಪುಸ್ತಕ ಹಿಡಿದು ನಿಂತು ಪಿಸುಗುಟ್ಟಿದ್ದನ್ನು ಕೇಳಿ ಹೇಳುವವನು. ಮೆಲುಕು ಹಾಕುವ ಹಸು ಕುಶಾಲಪ್ಪನ ನೆನಪಿಗೆ ಬಂತು.

"ಅಣ್ಣ, ನಿಮ್ಗೆ ಹಳೇದೇ ಒಳ್ಳೆದ್," ಎಂದ. ಸುಳ್ಳು ಹೇಳಿರಲಿಲ್ಲ. ಆದರೆ ಎಲ್ಲಿ ನಂಬಿಬಿಡುತ್ತಾನೋ ಎಂದು ಅವನಿಗೆ ಭಯವಾಗಿತ್ತು.

"ಒಳ್ಳೆದ್ನ ಪೆಟ್ಟಿಗೇಲಿ ಬಚ್ಚಿಟ್ಟ್ ನಂಗೆ ಡಬ್ಬಿ ಕೊಡ್ತಿಯಾ? ಹೊಟ್ಟೆಕಿಚ್ಚ್ ಇನ್ನೂ ಹೋತಿಲ್ಲೆ ನಿಂಗೆ."

"ಆಗ್ಲಿ ಅಣ್ಣ. ಹೊಸದೇ ಕಟ್ಟುವ." ಎರಡನೆಯ ಸಲ ಅವನು ಎಚ್ಚರಿಸಲಿಲ್ಲ.

ನಾಟಕದ ದಿನ ಹೊಸ ಮೈಕನ್ನು ಪರದೆಗೆ ತುಸು ಹತ್ತಿರವಾಗಿಯೇ ಇಳಿಬಿಟ್ಟ. ಧರ್ಮಪಾಲ ತೊಡೆ ತಟ್ಟಿ ಬಂದು ನಿಂತ. ಅವನು ಬಾಯಿ ತೆರೆಯುವ ಮೊದಲೇ ಸ್ಪೀಕರು ಸಣ್ಣ ದನಿಯಲ್ಲಿ ಹೇಳಿತು: "ಎಲವೋ ನರಾಧಮರಾ..." ಆಮೇಲೆ ರಾಕ್ಷಸ ಅಬ್ಬರಿಸಿದ: "ಎಲವೋ ನರಾಧಮರಾ!" ಹಳೆಯ ಮೈಕು ಹೊದಿಸಿದ್ದ ಬಿರುಕುಗಳೆಲ್ಲ ಹೋಗಿ, ಅದು ತೋಟದಲ್ಲಿ ಆಳುಗಳನ್ನು ಗದರುವ ಧರ್ಮಪಾಲನ ದನಿಯಾಗಿಯೇ ಉಳಿದಿತ್ತು.

ನಾಲ್ಕು ಮಾತು ಆಗುವಷ್ಟರಲ್ಲಿ ಮಕ್ಕಳು ಅಪ್ಪಯ್ಯನ ದನಿ ಹಿಡಿದು ರಾಕ್ಷಸನಿಗಿಂತ ಮೊದಲೇ ಕೂಗತೊಡಗಿದರು. ಧರ್ಮಪಾಲ ತಬ್ಬಿಬ್ಬಾಗಿ ನಿಂತ. "ಕೈ ಎತ್ತಿ, ಕೈ ಎತ್ತಿ. ಗದೆ ಇರುವ ಕೈ ಅಲ್ಲ," ಎಂದು ಸ್ಪೀಕರು ಹೇಳಿತು. ಮೈದಾನಕ್ಕೆ ಮೈದಾನವೇ ಹೊಟ್ಟೆ ಹಿಡಿದು ನಕ್ಕಿತು.

ಕುಶಾಲಪ್ಪನ ಬೆರಳು ದನಿ ಏರಿಳಿಸುವ ಗುಂಡಿಯ ಮೇಲಿತ್ತು. ಅರ್ಧ ಸುತ್ತು ಎಡಕ್ಕೆ ತಿರುಗಿಸಿದ್ದರೆ ಅಪ್ಪಯ್ಯ ಅಡಗುತ್ತಿದ್ದ. ಅವನು ಬಲಕ್ಕೆ ತಿರುಗಿಸಿದ.

"ಬಂದ್ ಮಾಡೋ, ಹಂದಿ!" ಎಂದ ಧರ್ಮಪಾಲ. ಅದೂ ಮೈಕಿನಲ್ಲಿಯೇ ಹೋಗಿ ಎದುರಿನ ಗುಡ್ಡಕ್ಕೆ ಬಡಿದು ಮರಳಿತು. ಕುಶಾಲಪ್ಪ ಎದ್ದು ನಿಂತು, ಎಲ್ಲರಿಗೂ ಕಾಣುವಂತೆ, ಹೇಳಿದ ಹಾಗೆಯೇ ಬಂದ್ ಮಾಡಿದ. ಮೈಕಿಲ್ಲದ ರಾಕ್ಷಸನ ದನಿ ನಾಲ್ಕನೆಯ ಸಾಲಿಗೂ ಮುಟ್ಟಲಿಲ್ಲ. ಜನ ಆನೆಯ ನೆಪ ಹೇಳಿ ಕೊಡೆ, ಚಾಪೆ ಎತ್ತಿಕೊಂಡು ಹೊರಟರು.

ಮರುದಿನ ಯಮುನ ಅಂಗಡಿಯಿಂದ ಸುದ್ದಿ ತಂದಳು. ಧರ್ಮಪಾಲನಿಗೆ ಪಿಸಿಪಿಸಿ ರಾಕ್ಷಸ ಎಂದು ಹೆಸರಾಗಿತ್ತು.

"ಹಂದಿ ಕುಶಾಲ ಹೋತಾ?" ಎಂದು ಕುಶಾಲಪ್ಪ ಕೇಳಿದ.

"ಅದ್ ಎಲ್ಲಿಗೆ ಹೋದು? ಹಾಂಗೇ ಉಟ್ಟು. ಈಗಾರೂ ಮನ್ಸ್ ತಣ್ಣಗಾತಾ?"

ಅವನು ಹೊಸ ಮೈಕನ್ನು ಹತ್ತಿಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯಲ್ಲಿ ಇಟ್ಟ.

"ಮುಂದಿನ ವರ್ಷನೂ ಅವನೇ ರಾಕ್ಷಸ ಆದ್ರೆ," ಎಂದ, "ನಂಗೆ ಬಾಡಿಗೆ ಬೇಡ."